ಮಾತಿಗೂ ಅಂಕ

ದಕ್ಷಿಣ ಕನ್ನಡದ ವಿಟ್ಲ ಸೀಮೆಯ ತಾಳಮದ್ದಳೆಯಲ್ಲಿ, ಅಂದರೆ ವೇಷ, ಕುಣಿತಗಳಿಲ್ಲದ ಯಕ್ಷಗಾನ ಕೂಟದಲ್ಲಿ, ಪದ್ಯದ ಅರ್ಥವನ್ನು ಮಾತಾಗಿ ಹೇಳುವ ಅರ್ಥಧಾರಿಯ ಕೈಯಲ್ಲಿ ಬರೆದಿಟ್ಟ ಮಾತಿರುವುದಿಲ್ಲ. ಹಾಡುವ ಭಾಗವತರ ಪದ್ಯ ಮುಗಿದೊಡನೆ ಮಾತು ಕಟ್ಟಬೇಕು, ಎದುರಾಳಿಯ ವಾದ ಕೇಳಿಸಿಕೊಂಡೇ ಉತ್ತರಿಸಬೇಕು. ಸಭೆಯೂ ಸುಮ್ಮನೆ ಕೂರುವುದಿಲ್ಲ. ಅರ್ಥ ಪದ್ಯದ ಚೌಕಟ್ಟು ಮೀರಿತೇ, ಕೇಳಿದ ಪ್ರಶ್ನೆಗೆ ಉತ್ತರ ಬಂತೇ ಎಂದು ಅಳೆಯುತ್ತಲೇ ಇರುತ್ತದೆ. ಇಂಥ ನೆಲದ ಮಕ್ಕಳ ಭಾಷೆಯನ್ನೂ ಎಸ್ಸೆಸ್ಸೆಲ್ಸಿ ಅಳೆಯುವುದು ಹೆಚ್ಚಾಗಿ ಲೇಖನಿಯಿಂದಲೇ. ಪ್ರಥಮ ಭಾಷೆಯ 125 ಅಂಕಗಳಲ್ಲಿ 100 ಲಿಖಿತ ಪರೀಕ್ಷೆಗೆ, 25 ಆಂತರಿಕ ಮೌಲ್ಯಮಾಪನಕ್ಕೆ. ಭಾಷಣ, ಚರ್ಚೆಗಳು ಆ ಇಪ್ಪತ್ತೈದರ ಮೂಲೆಯಲ್ಲಿ ಮೈ ಮುದುಡಿ ಕೂರಬೇಕು.

ಮಾತಿಗೆ ಅಂಕವಿಟ್ಟರೆ ಪಕ್ಷಪಾತ ನುಸುಳುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಕೊಂಕಣಿಯನ್ನೋ ಆಡುವ ಮಗುವಿನ ಉಚ್ಚಾರಕ್ಕೆ ಅಂಕ ಕಳೆದರೆ ಅದು ಅನ್ಯಾಯವೇ. ಆದರೆ ತಪ್ಪು ಮಾತಿನ ಪರೀಕ್ಷೆಯದ್ದಲ್ಲ, ಅಳತೆಗೋಲಿನದ್ದು. ಉಚ್ಚಾರವನ್ನು ಬಿಟ್ಟು ವಿಷಯದ ಜೋಡಣೆ, ಕಾರಣ, ಕೇಳಿಸಿಕೊಂಡ ಬಗೆ ಇವನ್ನು ನೋಡಲಿ. ಮಾನದಂಡ ಮಗುವಿಗೆ ಮೊದಲೇ ತಿಳಿದಿರಲಿ. ಮಾತನ್ನು ಮೊಬೈಲಿನಲ್ಲಿ ದಾಖಲಿಸಿ ಇನ್ನೊಬ್ಬ ಶಿಕ್ಷಕರೂ ಕೇಳಲಿ. ಪ್ರಬಂಧದ ಅಂಕದಲ್ಲೂ ಇಬ್ಬರ ನಡುವೆ ವ್ಯತ್ಯಾಸ ಬರುತ್ತದೆ, ಅದಕ್ಕೆಂದು ಪ್ರಬಂಧವನ್ನು ಯಾರೂ ಕೈಬಿಟ್ಟಿಲ್ಲ. ಮಾತಿನಂತೆ ಡಿಜಿಟಲ್ ಸಂವಹನಕ್ಕೂ ಅಂಕ ಸಿಗಲಿ, ಆದರೆ ಡಿಜಿಟಲ್ ಎಂದರೆ ಬಣ್ಣದ ಸ್ಲೈಡು ಎಂಬ ಭ್ರಮೆ ಬೇಡ! ವಾಟ್ಸಾಪಿನಲ್ಲಿ ಬಂದ ಸುದ್ದಿಯ ಮೂಲ ಹುಡುಕಿ, ನಿಜವೆಷ್ಟೆಂದು ನಾಲ್ಕು ಸಾಲಿನಲ್ಲಿ ತಿಳಿಸುವುದೇ ಒಳ್ಳೆಯ ಪ್ರಶ್ನೆ. ಮಾತಿನ ಪರೀಕ್ಷೆಗೆ ಸಮಯದ ಕೊರತೆ ಮಾತ್ರ ನಿಜವಾದ ತೊಡಕು. ನಲವತ್ತು ಮಕ್ಕಳಿಗೆ ತಲಾ ಮೂರು ನಿಮಿಷವೆಂದರೆ ಎರಡು ಗಂಟೆ. ಒಂದು ಕಿರುಪರೀಕ್ಷೆಯನ್ನು ಕೈಬಿಟ್ಟರೆ ಪತ್ರಿಕೆ ತಿದ್ದುವ ಹೊತ್ತೇ ಅಷ್ಟು ಉಳಿಯುತ್ತದೆ.