ಬಂದವರಿಗೆಲ್ಲ ಬಾಗಿಲು ತೆರೆಯಬೇಕೆ?

(ಪಕ್ಷದ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಊರಿನಲ್ಲಿ ಚುನಾವಣೆಯ ಸುಳಿವು ಹತ್ತಿತೆಂದರೆ ನಮ್ಮ ಪಕ್ಷದ ಕಚೇರಿಯ ಮೆಟ್ಟಿಲ ಮೇಲೆ ಹೊಸ ಚಪ್ಪಲಿಗಳು ಕಾಣಿಸತೊಡಗುತ್ತವೆ. ಐದು ವರ್ಷ ಈ ಬೀದಿಯಲ್ಲಿ ತಲೆಹಾಕದವರು ಬಂದು ಕುಶಲ ವಿಚಾರಿಸುತ್ತಾರೆ. ಈ ಸಲವೂ ಹಾಗೆಯೇ ಆಗಿದೆ. ಬೇರೆ ಪಕ್ಷದಿಂದ ಎರಡು ಸಲ ನಗರಸಭೆಗೆ ಆರಿಸಿ ಬಂದವರೊಬ್ಬರಿಗೆ ಅವರ ಪಕ್ಷ ಈ ಬಾರಿ ಟಿಕೆಟ್ಟು ಕೊಡುವುದಿಲ್ಲವಂತೆ. ನಾವು ಕೊಟ್ಟರೆ ತಮ್ಮ ಹಿಂಬಾಲಕರನ್ನೆಲ್ಲ ಕರೆದುಕೊಂಡು ನಮ್ಮ ಪಕ್ಷ ಸೇರುತ್ತಾರಂತೆ. ಈ ಮಾತು ಕೇಳಿ ನಮ್ಮಲ್ಲಿ ಕೆಲವರು ನಾಲ್ಕು ವಾರ್ಡುಗಳು ಆಗಲೇ ಕೈಗೆ ಬಂದುವೆಂದು ಲೆಕ್ಕ ಹಾಕಿದ್ದಾರೆ. ಕೆಲವರು ಮನಸ್ಸಿನಲ್ಲಿಯೇ ನೊಂದುಕೊಂಡು ಸುಮ್ಮನಿದ್ದಾರೆ. ಸುಮ್ಮನಿರುವ ವಿಷಯ ಇದಲ್ಲ. ಆದುದರಿಂದ ನಮ್ಮ ಅಭಿಪ್ರಾಯವನ್ನು ನಿಮ್ಮೆದುರು ಬಿಚ್ಚಿ ಹೇಳುತ್ತೇವೆ. ತೀರ್ಮಾನ ನಿಮಗೆ ಸೇರಿದ್ದು.

ಮೊದಲಿಗೆ ಒಂದು ಮಾತು. ಪಕ್ಷ ಬಿಡುವುದೇ ಪಾಪವೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವ ಹಕ್ಕು ಸಮಾಜವಾದಿಗಳಿಗಂತೂ ಇಲ್ಲ. 1934ರಲ್ಲಿ ಕಾಂಗ್ರೆಸ್ಸಿನೊಳಗೇ ಹುಟ್ಟಿದ ಸಮಾಜವಾದಿಗಳು 1948ರ ಮಾರ್ಚಿನಲ್ಲಿ ನಾಸಿಕದ ಸಮ್ಮೇಳನದಲ್ಲಿ ಕಾಂಗ್ರೆಸ್ಸನ್ನು ಬಿಡಲು ನಿರ್ಧರಿಸಿದರು. ಆಗ ಉತ್ತರ ಪ್ರದೇಶದ ಶಾಸನಸಭೆಯಲ್ಲಿದ್ದ ಆಚಾರ್ಯ ನರೇಂದ್ರ ದೇವ ಮತ್ತು ಅವರ ಸಂಗಾತಿಗಳು ಏನು ಮಾಡಿದರು? ಕಾಂಗ್ರೆಸ್ಸಿನ ಹೆಸರಿನಲ್ಲಿ ಪಡೆದ ಸ್ಥಾನಗಳನ್ನು ಕಾಂಗ್ರೆಸ್ಸನ್ನು ಬಿಟ್ಟ ಮೇಲೆ ಇಟ್ಟುಕೊಳ್ಳಲಾಗದೆಂದು ರಾಜೀನಾಮೆ ಕೊಟ್ಟು ಮತ್ತೆ ಮತದಾರರ ಮುಂದೆ ಹೋದರು. ಫೈಜಾಬಾದಿನ ಉಪಚುನಾವಣೆಯಲ್ಲಿ ಆಚಾರ್ಯರು ಸೋತರು. ಸೋಲುವ ಸಂಭವ ಅವರಿಗೆ ತಿಳಿಯದ ಸಂಗತಿಯಾಗಿರಲಿಲ್ಲ. ಕೈಯಲ್ಲಿದ್ದುದನ್ನು ಬಿಟ್ಟು, ಏನೂ ಸಿಗದ ಕಡೆಗೆ ಅವರು ನಡೆದರು. ಅಂಥವರದು ಅಭಿಪ್ರಾಯ ಬದಲಾವಣೆ. ಸಿಗುವ ಕಡೆಗೆ ನಡೆಯುವುದು ವ್ಯಾಪಾರ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ನಿಮ್ಮಲ್ಲಿ ಅಂಗಡಿ ಇಟ್ಟವರು ಬಹಳ ಮಂದಿ ಇದ್ದೀರಿ. ಒಬ್ಬರು ನಂಬಿ ನಿಮ್ಮಲ್ಲಿಟ್ಟ ಗಂಟನ್ನು ಅವರನ್ನು ಕೇಳದೆ ಪಕ್ಕದ ಅಂಗಡಿಯವನಿಗೆ ಮಾರಿದರೆ ಪೇಟೆಯಲ್ಲಿ ನಿಮಗೆ ಏನೆನ್ನುತ್ತಾರೆ? ಮತ ಅಂಥ ಗಂಟು. ಅದು ಮತದಾರನದು, ಆರಿಸಿ ಬಂದವನದಲ್ಲ. ಮಾರಿದವನಷ್ಟೇ ತಪ್ಪಿತಸ್ಥನಲ್ಲ, ಗೊತ್ತಿದ್ದೂ ಕೊಂಡವನೂ ತಪ್ಪಿತಸ್ಥನೇ. ಪಕ್ಷಾಂತರಿಗಳನ್ನು ಬೈಯುವವರು ಬಹಳ. ಅವರಿಗೆ ಹಾರ ಹಾಕಿ ಕರೆದುಕೊಂಡವರನ್ನು ಕೇಳುವವರು ಕಡಿಮೆ. ನಾವು ಇಂದು ಕೇಳಬೇಕಾದುದು ಈ ಎರಡನೆಯವರನ್ನು. ಏಕೆಂದರೆ ಆ ಜಾಗದಲ್ಲಿ ಈಗ ನಾವೇ ನಿಲ್ಲುವ ಸಂದರ್ಭ ಬಂದಿದೆ.

ಈ ರೋಗ ದೇಶವ್ಯಾಪಿಯಾದದ್ದು 1967ರ ಚುನಾವಣೆಯ ನಂತರ. ಹರಿಯಾಣದ ಹಸನಪುರದಿಂದ ಪಕ್ಷೇತರನಾಗಿ ಗೆದ್ದ ಗಯಾ ಲಾಲ್ ಎಂಬ ಶಾಸಕರು ಹದಿನೈದು ದಿನಗಳೊಳಗೆ ಮೂರು ಸಲ ಪಕ್ಷ ಬದಲಾಯಿಸಿದರು. ಹದಿನೈದು ದಿನಕ್ಕೆ ಕನ್ನಡದಲ್ಲಿ ಒಂದು ಪಕ್ಷವೆಂದು ಹೆಸರು. ಒಂದು ಪಕ್ಷದೊಳಗೆ ಮೂರು ಪಕ್ಷಾಂತರ! 'ಆಯಾ ರಾಮ್, ಗಯಾ ರಾಮ್' ಎಂಬ ಮಾತು ದೇಶಕ್ಕೆಲ್ಲ ಹಬ್ಬಿದ್ದು ಅವರಿಂದ. ಅದೇ ವರ್ಷದ ನವೆಂಬರಿನಲ್ಲಿ ಆ ವಿಧಾನಸಭೆಯೇ ವಿಸರ್ಜನೆಯಾಯಿತು. ಕೇಂದ್ರ ಸರ್ಕಾರ ವೈ. ಬಿ. ಚವಾಣರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿತು. ಒಂದು ವರ್ಷದಲ್ಲಿ ದೇಶದಲ್ಲಿ 438 ಪಕ್ಷಾಂತರಗಳಾದುವೆಂದು ಆ ಸಮಿತಿಯ ಲೆಕ್ಕ ಹೇಳಿತು. ಏಳು ರಾಜ್ಯಗಳ 210 ಪಕ್ಷಾಂತರಿ ಶಾಸಕರಲ್ಲಿ 116 ಮಂದಿ ಮಂತ್ರಿಗಳಾಗಿದ್ದರು. ಅಂದರೆ ಅರ್ಧಕ್ಕಿಂತ ಹೆಚ್ಚು. ತತ್ತ್ವ, ಆತ್ಮಸಾಕ್ಷಿ, ಕ್ಷೇತ್ರದ ಅಭಿವೃದ್ಧಿ ಎಂದು ಅವರು ಹೇಳಿದ್ದಕ್ಕೆಲ್ಲ ಈ ಒಂದು ಅಂಕಿಯೇ ಉತ್ತರ.

ಇದು ಪರರ ಮನೆಯ ಕತೆಯೆಂದು ನಾವು ನಗುವಂತಿಲ್ಲ. ಮಧ್ಯಪ್ರದೇಶದಲ್ಲಿ 1967ರ ಜುಲೈಯಲ್ಲಿ ಗೋವಿಂದ ನಾರಾಯಣ ಸಿಂಗರು ಕಾಂಗ್ರೆಸ್ಸನ್ನು ಒಡೆದು ಬಂದಾಗ ವಿರೋಧ ಪಕ್ಷಗಳೆಲ್ಲ ಕೂಡಿ ಅವರನ್ನು ಮುಖ್ಯಮಂತ್ರಿ ಮಾಡಿದುವು. 1969ರ ಮಾರ್ಚಿನಲ್ಲಿ ಅವರು ಪದವಿ ಬಿಟ್ಟು ಮತ್ತೆ ಕಾಂಗ್ರೆಸ್ಸಿಗೇ ಹೋದರು. ಹೆಗಲ ಮೇಲೆ ಹೊತ್ತವರು ಬರಿಗೈಯಲ್ಲಿ ನಿಂತರು. ಬಿಹಾರದಲ್ಲಿ ಸಂಯುಕ್ತ ಸಮಾಜವಾದಿ ಪಕ್ಷದಲ್ಲಿಯೇ ಇದ್ದ ಬಿ. ಪಿ. ಮಂಡಲರು ಪಕ್ಷ ಒಡೆದು ಶೋಷಿತ ದಳ ಕಟ್ಟಿದರು. ಸಮಾಜವಾದಿಗಳೂ ಭಾಗಿಯಾಗಿದ್ದ ಮಹಾಮಾಯಾ ಪ್ರಸಾದ ಸಿಂಹರ ಸರ್ಕಾರ 1968ರ ಜನವರಿಯಲ್ಲಿ ಬಿತ್ತು. ಕಾಂಗ್ರೆಸ್ಸಿನ ಬೆಂಬಲದಿಂದ ಮಂಡಲರು ಫೆಬ್ರವರಿ 1ರಂದು ಮುಖ್ಯಮಂತ್ರಿಯಾದರು. ಎಷ್ಟು ದಿನ? ಎರಡು ತಿಂಗಳು ತುಂಬಲಿಲ್ಲ. ಆ ಕಾಂಗ್ರೆಸ್ಸಿನೊಳಗಿಂದಲೇ ಒಂದು ಗುಂಪು ಒಡೆದುಬಂದು ಅವರನ್ನು ಇಳಿಸಿತು. ಒಡಕಿನಿಂದ ಹುಟ್ಟಿದ್ದು ಒಡಕಿನಿಂದಲೇ ಹೋಯಿತು. ಜೂನ್ ತಿಂಗಳಿಗೆ ಬಿಹಾರಕ್ಕೆ ರಾಷ್ಟ್ರಪತಿ ಆಡಳಿತ ಬಂತು.

ಕಾನೂನು ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. 1985ರಲ್ಲಿ ಸಂವಿಧಾನಕ್ಕೆ 52ನೆಯ ತಿದ್ದುಪಡಿ ತಂದು ಹತ್ತನೆಯ ಅನುಸೂಚಿ ಸೇರಿಸಿದರು. ಒಬ್ಬಿಬ್ಬರು ಹಾರಿದರೆ ಸ್ಥಾನ ಹೋಗುತ್ತದೆ. ಮೂರನೆಯ ಒಂದು ಭಾಗ ಒಟ್ಟಾಗಿ ಹಾರಿದರೆ ಅದು 'ಒಡಕು', ಅದಕ್ಕೆ ಅಡ್ಡಿಯಿಲ್ಲ ಎಂದರು. ಚಿಲ್ಲರೆ ವ್ಯಾಪಾರ ನಿಂತಿತು, ಸಗಟು ವ್ಯಾಪಾರಕ್ಕೆ ಪರವಾನಗಿ ಸಿಕ್ಕಿತು. 2003ರಲ್ಲಿ 91ನೆಯ ತಿದ್ದುಪಡಿಯಿಂದ ಆ ಮೂರನೆಯ ಒಂದರ ರಿಯಾಯಿತಿಯನ್ನು ತೆಗೆದರು. ಮೂರನೆಯ ಎರಡು ಭಾಗ ವಿಲೀನಕ್ಕೆ ಒಪ್ಪಿದರೆ ಅಡ್ಡಿಯಿಲ್ಲವೆಂಬುದು ಉಳಿಯಿತು. ನಗರಸಭೆ, ಪಂಚಾಯತಿಗಳಿಗೆ ಕರ್ನಾಟಕದಲ್ಲಿ 1987ರ ಕಾಯಿದೆ ಬೇರೆ ಇದೆ. ಆದರೆ ಕಾನೂನು ಬೇಲಿ ಕಟ್ಟಿದಷ್ಟೂ ಜಾಣರು ಹೊಸ ಕಿಂಡಿ ಹುಡುಕಿದ್ದಾರೆ. ಹೊಸ ಕಿಂಡಿಯ ಹೆಸರು ರಾಜೀನಾಮೆ. ಅದನ್ನು ನಮ್ಮ ಕರ್ನಾಟಕವೇ ದೇಶಕ್ಕೆ ತೋರಿಸಿಕೊಟ್ಟಿತು.

2008ರ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಭಾರತೀಯ ಜನತಾ ಪಕ್ಷಕ್ಕೆ 110 ಬಂದುವು. ಬಹುಮತಕ್ಕೆ ಮೂರು ಕಡಿಮೆ. ಪಕ್ಷೇತರರಲ್ಲಿ ಐವರನ್ನು ಮಂತ್ರಿಗಳನ್ನಾಗಿ ಮಾಡಿಕೊಂಡರು. ಅಷ್ಟು ಸಾಲದೆಂದು ಕಾಂಗ್ರೆಸ್ಸು ಮತ್ತು ಜನತಾ ದಳದ ಶಾಸಕರಿಂದ ರಾಜೀನಾಮೆ ಕೊಡಿಸಿ ತಮ್ಮ ಗುರುತಿನಲ್ಲಿ ಮತ್ತೆ ನಿಲ್ಲಿಸಿದರು. 'ಆಪರೇಷನ್ ಕಮಲ' ಎಂಬ ಹೆಸರು ಹುಟ್ಟಿದ್ದು ಆಗ. ಆ ವರ್ಷದ ಡಿಸೆಂಬರಿನಲ್ಲಿ ನಡೆದ ಎಂಟು ಉಪಚುನಾವಣೆಗಳಲ್ಲಿ ಐದನ್ನು ಗೆದ್ದರು. ಸರ್ಕಾರ ಭದ್ರವಾಯಿತೆಂದು ಸಂತೋಷಪಟ್ಟರು. ಎರಡು ವರ್ಷ ಕಳೆಯುವುದರೊಳಗೆ, 2010ರ ಅಕ್ಟೋಬರಿನಲ್ಲಿ, ಅದೇ ಸರ್ಕಾರದ ವಿರುದ್ಧ ರಾಜ್ಯಪಾಲರಿಗೆ ಪತ್ರ ಕೊಟ್ಟವರು ಯಾರು? ಮಂತ್ರಿ ಪದವಿ ಕೊಟ್ಟು ಸೇರಿಸಿಕೊಂಡಿದ್ದ ಆ ಐವರು ಪಕ್ಷೇತರರು. ಅವರೊಡನೆ ಆಳುವ ಪಕ್ಷದ ಹನ್ನೊಂದು ಶಾಸಕರು. ಆ ಹನ್ನೊಂದರಲ್ಲಿ 2008ರಲ್ಲಿ ರಾಜೀನಾಮೆ ಕೊಟ್ಟು ಬಂದು ಗೆದ್ದಿದ್ದ ಬಾಲಚಂದ್ರ ಜಾರಕಿಹೊಳಿ, ಆನಂದ ಅಸ್ನೋಟಿಕರ್ ಸಹ ಇದ್ದರು. ಸಭಾಧ್ಯಕ್ಷರು ಹದಿನಾರು ಮಂದಿಯನ್ನೂ ಅನರ್ಹಗೊಳಿಸಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ರದ್ದುಮಾಡಿತು. ನ್ಯಾಯ ಯಾರ ಕಡೆಗಿತ್ತೆಂಬ ಚರ್ಚೆ ನಮಗೆ ಬೇಡ. ಒಂದು ಸಲ ಬೆಲೆ ಕೊಟ್ಟು ತಂದ ಬೆಂಬಲಕ್ಕೆ ಮತ್ತೆ ಮತ್ತೆ ಬೆಲೆ ಕೊಡುತ್ತಿರಬೇಕು. ಬಡ್ಡಿ ಕಟ್ಟುವುದರಲ್ಲಿಯೇ ಆಯುಷ್ಯ ಮುಗಿಯುತ್ತದೆ, ಅಸಲು ತೀರುವುದಿಲ್ಲ ಎಂಬುದಿಷ್ಟೇ ನಮಗೆ ಬೇಕಾದ ಪಾಠ.

2019ರಲ್ಲಿ ಇದೇ ಆಟ ಇನ್ನೂ ದೊಡ್ಡದಾಗಿ ನಡೆಯಿತು. ಹದಿನೇಳು ಶಾಸಕರು ಅನರ್ಹರಾದರು. ಜುಲೈ 23ರಂದು ಕುಮಾರಸ್ವಾಮಿಯವರ ಸರ್ಕಾರ 99ಕ್ಕೆ 105 ಮತಗಳಿಂದ ಬಿತ್ತು. ಅನರ್ಹತೆ ಸರಿ, ಆದರೆ ಉಪಚುನಾವಣೆಗೆ ನಿಲ್ಲಬಹುದು ಎಂದು ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಡಿಸೆಂಬರಿನ ಹದಿನೈದು ಉಪಚುನಾವಣೆಗಳಲ್ಲಿ ಆಳುವ ಪಕ್ಷ ಹನ್ನೆರಡನ್ನು ಗೆದ್ದಿತು. 2020ರ ಫೆಬ್ರವರಿ 6ರಂದು ಹೀಗೆ ಬಂದವರಲ್ಲಿ ಹತ್ತು ಮಂದಿ ಮಂತ್ರಿಗಳಾದರು. ಇವರೂ ಮತದಾರರ ಮುಂದೆ ಹೋದರಲ್ಲ, ನರೇಂದ್ರ ದೇವರಿಗೂ ಇವರಿಗೂ ಏನು ಭೇದ ಎಂದು ಕೇಳುವವರಿದ್ದಾರೆ. ಭೇದವಿದೆ. ರಾಜೀನಾಮೆಯೊಂದೇ ಸಾಲದು, ಅದರ ಆಚೆಗೆ ಏನು ಕಾದಿದೆ ಎಂಬುದನ್ನು ನೋಡಬೇಕು. ಆಚಾರ್ಯರಿಗೆ ಕಾದಿದ್ದುದು ಸೋಲು. ಇವರಿಗೆ ಕಾದಿದ್ದುದು ಸರ್ಕಾರದ ಮೋಟಾರು.

ಇನ್ನು ಅಥಣಿಯ ಕತೆ ಕೇಳಿ. 2018ರಲ್ಲಿ ಅಲ್ಲಿ ಕಾಂಗ್ರೆಸ್ಸಿನ ಮಹೇಶ ಕುಮಠಳ್ಳಿಯವರು ಭಾರತೀಯ ಜನತಾ ಪಕ್ಷದ ಲಕ್ಷ್ಮಣ ಸವದಿಯವರನ್ನು ಸೋಲಿಸಿದ್ದರು. 2019ರಲ್ಲಿ ಗೆದ್ದವರು ಸೋತವರ ಪಕ್ಷಕ್ಕೆ ಬಂದರು. 2023ರಲ್ಲಿ ಬಂದವರಿಗೇ ಟಿಕೆಟ್ಟಾಯಿತು. ಮನೆಯವರು ಮುನಿದು ಎದುರು ಮನೆಗೆ ಹೋದರು. ಕಾಂಗ್ರೆಸ್ಸಿನಿಂದ ನಿಂತು ಗೆದ್ದರು. ಬಂದ ನೆಂಟನಿಗಾಗಿ ಮನೆಮಗ ಹೊರಗಾದ. ಕೊನೆಗೆ ಸ್ಥಾನವೂ ಹೋಯಿತು. ಹಿರೇಕೆರೂರಿನಲ್ಲಿಯೂ ಹಾಗೆಯೇ. 2018ರಲ್ಲಿ ಬಿ. ಸಿ. ಪಾಟೀಲರು ಕಾಂಗ್ರೆಸ್ಸು, ಯು. ಬಿ. ಬಣಕಾರರು ಭಾರತೀಯ ಜನತಾ ಪಕ್ಷ. 2023ರಲ್ಲಿ ಪಾಟೀಲರು ಭಾರತೀಯ ಜನತಾ ಪಕ್ಷ, ಬಣಕಾರರು ಕಾಂಗ್ರೆಸ್ಸು. ಅವರೇ ಇಬ್ಬರು, ಬಾವುಟ ಮಾತ್ರ ಅದಲುಬದಲು. ಆ ಊರಿನ ಬಡ ಮತದಾರ ಯಾವ ತತ್ತ್ವಕ್ಕೆ ಮತ ಹಾಕಬೇಕಿತ್ತು, ಹೇಳಿ!

ಎಲ್ಲ ಪಕ್ಷಾಂತರಿಗಳೂ ಸೋತರೆಂದು ನಾವು ಹೇಳುವುದಿಲ್ಲ. ಗೆದ್ದವರೂ ಇದ್ದಾರೆ. ಯಶವಂತಪುರದ ಎಸ್. ಟಿ. ಸೋಮಶೇಖರ್, ಯಲ್ಲಾಪುರದ ಶಿವರಾಮ ಹೆಬ್ಬಾರ್ 2023ರಲ್ಲಿಯೂ ಹೊಸ ಪಕ್ಷದಿಂದ ಗೆದ್ದರು. 2024ರ ಫೆಬ್ರವರಿಯ ರಾಜ್ಯಸಭಾ ಚುನಾವಣೆಯಲ್ಲಿ ಒಬ್ಬರು ಎದುರು ಪಕ್ಷಕ್ಕೆ ಮತ ಹಾಕಿದರು, ಇನ್ನೊಬ್ಬರು ಮತದಾನಕ್ಕೇ ಹೋಗಲಿಲ್ಲ. 2025ರ ಮೇ ತಿಂಗಳಲ್ಲಿ ಕರೆದು ತಂದ ಪಕ್ಷವೇ ಇಬ್ಬರನ್ನೂ ಹೊರಹಾಕಿತು. ಸೋತರೆ ಒಂದು ನಷ್ಟ, ಗೆದ್ದರೆ ಇನ್ನೊಂದು ನಷ್ಟ.

ಇಷ್ಟು ದೊಡ್ಡ ಪಕ್ಷಗಳಿಗೆ ಹಣವಿದೆ, ಅಧಿಕಾರವಿದೆ. ಪೆಟ್ಟು ತಿಂದರೂ ಎದ್ದು ನಿಲ್ಲುತ್ತವೆ. ನಮ್ಮಲ್ಲಿ ಏನಿದೆ? ಗಿರಣಿಯ ಪಾಳಿ ಮುಗಿಸಿ ಬಂದು ರಾತ್ರಿ ಗೋಡೆಗೆ ಭಿತ್ತಿಪತ್ರ ಹಚ್ಚುವ ಹುಡುಗರಿದ್ದಾರೆ. ಗಲ್ಲಾ ಪೆಟ್ಟಿಗೆಯಿಂದ ತಿಂಗಳಿಗಿಷ್ಟೆಂದು ವಂತಿಗೆ ತೆಗೆದಿಡುವ ಅಂಗಡಿಕಾರರಿದ್ದಾರೆ. ನಮ್ಮ ಬಂಡವಾಳ ಇಷ್ಟೇ. ನಿನ್ನೆಯವರೆಗೆ ಯಾರ ವಿರುದ್ಧ ಘೋಷಣೆ ಕೂಗಿದರೋ ಇಂದು ಅವರ ಹೆಸರನ್ನೇ ಗೋಡೆಯ ಮೇಲೆ ಬರೆಯಿರೆಂದು ಈ ಹುಡುಗರಿಗೆ ಯಾವ ಬಾಯಿಂದ ಹೇಳೋಣ? ಸಂತೆಯ ನೆಲಬಾಡಿಗೆ ಏರಿಸುವ ಠರಾವು ಬಂದಾಗ ಕೈ ಎತ್ತಿದವರಿಗೆ ಮತ ಹಾಕಿರೆಂದು ತರಕಾರಿ ಮಾರುವ ತಾಯಂದಿರ ಮುಂದೆ ಹೇಗೆ ನಿಲ್ಲೋಣ? ಅವರು ಏನೂ ಅನ್ನಲಿಕ್ಕಿಲ್ಲ. 'ಇವರೂ ಅವರಂತೆಯೇ' ಎಂದು ಒಳಗೇ ಅಂದುಕೊಳ್ಳುತ್ತಾರೆ. ಆ ಒಂದು ಮಾತು ಹುಟ್ಟಿದ ದಿನ ನಮ್ಮ ಪಕ್ಷದ ಬಾಗಿಲು ಮುಚ್ಚಿದ ಹಾಗೆ. ನಾಲ್ಕು ವಾರ್ಡು ಬಂದರೂ ಅದು ತೆರೆಯುವುದಿಲ್ಲ.

ಮುಷ್ಕರದ ಅನುಭವ ನಿಮಗಿದೆ. ನಾಲ್ಕು ದಿನ ಗಟ್ಟಿಯಾಗಿ ನಿಂತವನನ್ನು ಯೂನಿಯನ್ ನಂಬುತ್ತದೆ. ಎರಡನೆಯ ದಿನ ಹಿಂಬಾಗಿಲಿನಿಂದ ಕೆಲಸಕ್ಕೆ ಹೋದವನು ಆಮೇಲೆ ಕ್ಷಮೆ ಕೇಳಿ ಬಂದರೆ ಸೇರಿಸಿಕೊಳ್ಳಬಹುದು, ಮನುಷ್ಯ ತಿದ್ದಿಕೊಳ್ಳಬಲ್ಲ. ಆದರೆ ಬಂದ ದಿನವೇ ಅವನನ್ನು ಕಾರ್ಯದರ್ಶಿ ಮಾಡುತ್ತೀರಾ? ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗಲೂ ಇದೇ ನಿಯಮವಿತ್ತು. ಬೇರೆ ಶಾಲೆಯಿಂದ ಬಂದ ಹುಡುಗನನ್ನು ಬೇಡವೆನ್ನುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಬರೆದುಕೊಂಡು ಬೆಂಚಿನ ಮೇಲೆ ಕೂಡಿಸುತ್ತಿದ್ದೆವು. ಬಂದ ದಿನವೇ ತರಗತಿಯ ಮುಂದಾಳು ಮಾಡುತ್ತಿರಲಿಲ್ಲ.

'ಅವರಿಲ್ಲದೆ ಗೆಲ್ಲುವುದು ಹೇಗೆ?' ಎಂಬ ಪ್ರಶ್ನೆ ನಿಜವಾದುದು. ಸುಳ್ಳು ಭರವಸೆ ಕೊಡಲು ನಾವು ಸಿದ್ಧರಿಲ್ಲ. ಈ ಸಲ ಆ ವಾರ್ಡುಗಳಲ್ಲಿ ಸೋಲಬಹುದು. ಆದರೆ ನಮ್ಮ ಅಭ್ಯರ್ಥಿಗೆ ಬಿದ್ದ ಮತ, ಅದು ಮುನ್ನೂರೇ ಇರಲಿ, ನಮ್ಮದು. ಮುಂದಿನ ಸಲ ಅದರ ಮೇಲೆ ಇನ್ನೊಂದು ಕಲ್ಲು ಇಡಬಹುದು. ಎರವಲು ತಂದ ಎರಡು ಸಾವಿರ ಮತ ತಂದವರ ಹಿಂದೆಯೇ ಎದ್ದು ಹೋಗುತ್ತದೆ.

ಆದುದರಿಂದ ನಮ್ಮ ಸೂಚನೆ ಇದು. ಬರುವವರಿಗೆ ಬಾಗಿಲು ಮುಚ್ಚುವುದು ಬೇಡ. ಮೂರು ಷರತ್ತು ಇಡೋಣ. ಒಂದು: ಹಿಂದಿನ ಪಕ್ಷದಿಂದ ಪಡೆದ ಸ್ಥಾನ ಕೈಯಲ್ಲಿದ್ದರೆ ಅದನ್ನು ಬಿಟ್ಟು ಬರಲಿ. ಎರಡು: ತಮ್ಮ ವಾರ್ಡಿನಲ್ಲಿಯೇ ಬಹಿರಂಗ ಸಭೆ ಕರೆದು, ಏಕೆ ಬಿಟ್ಟೆ, ಏಕೆ ಬಂದೆ, ಹಿಂದೆ ಹಾಕಿದ ಮತಗಳ ಬಗ್ಗೆ ಈಗ ಏನು ಹೇಳುತ್ತೇನೆ ಎಂದು ಜನರ ಮುಂದೆ ಹೇಳಲಿ. ಮೂರು: ಎರಡು ವರ್ಷ ಸಾಮಾನ್ಯ ಸದಸ್ಯರಾಗಿ ದುಡಿಯಲಿ, ಅಲ್ಲಿಯವರೆಗೆ ಟಿಕೆಟ್ಟೂ ಇಲ್ಲ, ಪದವಿಯೂ ಇಲ್ಲ. ನಿಜವಾಗಿ ಮನಸ್ಸು ಬದಲಾದವರಿಗೆ ಈ ಮೂರೂ ಭಾರವಲ್ಲ. ಭಾರವೆನಿಸಿದವರು ತಾವಾಗಿಯೇ ಮುಂದಿನ ಮನೆಗೆ ಹೋಗುತ್ತಾರೆ. ಅವರನ್ನು ನಾವು ಅವಮಾನ ಮಾಡಿ ಕಳಿಸುವ ಕಾರಣವೂ ಇರುವುದಿಲ್ಲ.

ಈ ಷರತ್ತುಗಳು ನಾಳೆ ನಮ್ಮಲ್ಲಿಯೇ ಒಬ್ಬರು ಟಿಕೆಟ್ಟು ಸಿಗದೆ ಮುನಿದು ಹೊರಟಾಗಲೂ ನೆನಪಿರಲಿ. ಬೇರೆಯವರಿಂದ ಬಯಸುವ ನಿಷ್ಠೆಯನ್ನು ಮೊದಲು ನಾವು ತೋರಿಸಬೇಕು. ಠರಾವು ನಿಮ್ಮ ಮುಂದಿದೆ. ವಿರೋಧವಿರುವವರು ಸಂಕೋಚವಿಲ್ಲದೆ ಇಲ್ಲಿಯೇ ಮಾತನಾಡಿ. ಹೊರಗೆ ಚಹಾದಂಗಡಿಯಲ್ಲಿ ಬೇಡ. ಕೇಳಿ, ಚರ್ಚಿಸಿ, ಆಮೇಲೆ ಕೈ ಎತ್ತಿ.