ಓದಲು ಬಾರದ ಅರ್ಜಿ, ಕೈತಪ್ಪಿದ ಹದಿನೆಂಟು ಸಾವಿರ!

(ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಕನ್ನಡ ತರುಣರ ಮುಂದೆ ಆಡಿದ ಮಾತು)



ನಾನು ಭಾಷಣಕಾರನಲ್ಲ. ಇಷ್ಟು ವರ್ಷ ಬೇರೆಯವರ ಭಾಷಣದ ಕರಪತ್ರ ಅಚ್ಚು ಹಾಕಿದವನು. ನನ್ನ ಓದು ಪಿ.ಯು.ಸಿ.ಗೇ ನಿಂತಿತು. ಆದ್ದರಿಂದ ದೊಡ್ಡ ಮಾತು ಬಿಟ್ಟು ಒಂದು ಅರ್ಜಿಯ ಕಥೆ ಹೇಳುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ.

2020ನೇ ಇಸವಿ ನೆನಪಿದೆಯಲ್ಲವೇ? ಕೊರೋನಾಕ್ಕೆ ಇಡೀ ದೇಶದಲ್ಲಿ ಮೊದಲು ಬಲಿಯಾದವರು ನಮ್ಮ ಕಲಬುರಗಿಯ 76 ವರ್ಷದ ಹಿರಿಯರು, ಮಾರ್ಚ್ 10ರಂದು. ಮಾರ್ಚ್ 25ಕ್ಕೆ ದೇಶಕ್ಕೇ ಬೀಗ ಬಿತ್ತು. ಅದು ಮದುವೆಯ ಹಂಗಾಮು. ಅಚ್ಚಾದ ಲಗ್ನಪತ್ರಿಕೆಗಳ ಕಟ್ಟು ನನ್ನ ಪ್ರೆಸ್ಸಿನಲ್ಲೇ ಧೂಳು ತಿಂದವು. ಮುಂಬೈ, ಪುಣೆಗೆ ದುಡಿಯಲು ಹೋಗಿದ್ದ ನಮ್ಮ ಜಿಲ್ಲೆಯ ಜನ ಗಂಟುಮೂಟೆ ಕಟ್ಟಿಕೊಂಡು ವಾಪಸು ಬಂದರು. ದುಡಿಯುವ ಕೈಗಳಿದ್ದವು, ಕೆಲಸ ಇರಲಿಲ್ಲ.

ಆ ವರ್ಷದ ಮೇ 6ರಂದು ರಾಜ್ಯ ಸರಕಾರ 1,610 ಕೋಟಿ ರೂಪಾಯಿಯ ನೆರವು ಸಾರಿತು. ಕ್ಷೌರಿಕರಿಗೆ, ಅಗಸರಿಗೆ, ಆಟೋ-ಟ್ಯಾಕ್ಸಿ ಚಾಲಕರಿಗೆ ಒಂದು ಸಲಕ್ಕೆ 5,000 ರೂಪಾಯಿ. ಸೇವಾಸಿಂಧುವಿನಲ್ಲಿ ಅರ್ಜಿ. ಅದರಲ್ಲಿಯೂ ತೊಡಕಿದ್ದವು. ಆದರೆ ಕೇಳುವುದು ಏನು, ಕೊಡುವುದು ಏನು ಎಂಬುದಾದರೂ ಕನ್ನಡದಲ್ಲಿ ಜನರ ಕಿವಿಗೆ ಬಿತ್ತು.

ಇನ್ನೊಂದು ನೆರವು ಇತ್ತು. ಅದು ಯಾರ ಕಿವಿಗೂ ಬೀಳಲಿಲ್ಲ!

ಇ.ಎಸ್.ಐ. ಕಡಿತವಾಗುವ ಕಾರ್ಮಿಕ ಕೆಲಸ ಕಳೆದುಕೊಂಡರೆ ಅವನಿಗೆ ಹಣ ಕೊಡುವ ಯೋಜನೆ 2018ರ ಜುಲೈ 1ರಿಂದ ಜಾರಿಗೆ ಬಂದಿತ್ತು. ಹೆಸರು 'ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನಾ'. ಹೆಸರು ಕೇಳಿದರೇ ಗೊತ್ತಾಗುತ್ತದೆ, ನಮ್ಮ ಮಂದಿಗೆ ತಿಳಿಯಲಿ ಎಂದು ಇಟ್ಟದ್ದಲ್ಲ. 'ಬೀಮಿತ್' ಎಂದರೆ ವಿಮೆ ಇರುವವನು ಎಂದು ನಮ್ಮ ಓಣಿಯಲ್ಲಿ ಎಷ್ಟು ಜನಕ್ಕೆ ಗೊತ್ತು? ಮೊದಲು ಸರಾಸರಿ ದಿನಗೂಲಿಯ ಕಾಲು ಭಾಗ ಕೊಡುತ್ತಿದ್ದರು. 2020ರ ಆಗಸ್ಟ್‌ನಲ್ಲಿ ಅದನ್ನು ಅರ್ಧಕ್ಕೆ ಏರಿಸಿದರು, 90 ದಿನಗಳವರೆಗೆ. ಹಳೆಯ ಮಾಲೀಕನ ಮೂಲಕವೇ ಬರಬೇಕೆಂಬ ನಿಯಮ ಸಡಿಲಿಸಿ, ಕಾರ್ಮಿಕ ನೇರವಾಗಿ ಇ.ಎಸ್.ಐ. ಶಾಖಾ ಕಚೇರಿಗೆ ಅರ್ಜಿ ಕೊಡಬಹುದು ಎಂದರು.

ಆ ಸೆಪ್ಟೆಂಬರಿನಲ್ಲಿ ನಮ್ಮ ಕಾಲೋನಿಯ ಒಬ್ಬ ಹುಡುಗ ನನ್ನ ಪ್ರೆಸ್ಸಿಗೆ ಬಂದ. ಒಂದು ಕಾರ್ಖಾನೆಯಲ್ಲಿ ಮೂರು ವರ್ಷ ದುಡಿದಿದ್ದ, ಏಪ್ರಿಲ್‌ನಲ್ಲಿ ಕೆಲಸ ಹೋಗಿತ್ತು. ತಿಂಗಳಿಗೆ 12,000 ಸಂಬಳ. ಕೈಯಲ್ಲಿ ಒಂದು ಅರ್ಜಿ. "ಕಾಕಾ, ಇದರಾಗ ಏನ್ ಬರದಾರ ಸ್ವಲ್ಪ ನೋಡ್ರಿ" ಅಂದ.

ನೋಡಿದೆ. ಇಂಗ್ಲಿಷು, ಹಿಂದಿ. ಕನ್ನಡದ ಒಂದಕ್ಷರ ಇಲ್ಲ. ದಿನಾ ಅಕ್ಷರ ಜೋಡಿಸುವವನು ನಾನು, ನನಗೇ ಅರ್ಥವಾಗಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ, "ಹಳೇ ಮಾಲಕರ ಸಹಿ ಬೇಕಪ್ಪ, ಅದಿಲ್ದೆ ಆಗಂಗಿಲ್ಲ" ಎಂದುಬಿಟ್ಟೆ. ಅವನು ಕಾರ್ಖಾನೆಗೆ ಹೋದ. ಗೇಟಿನಿಂದಲೇ ವಾಪಸು ಕಳಿಸಿದರು. ಅರ್ಜಿ ಮಡಚಿ ಜೇಬಿಗಿಟ್ಟುಕೊಂಡು ಬೆಂಗಳೂರಿಗೆ ಕಾವಲು ಕೆಲಸಕ್ಕೆ ಹೋದ.

ಸಹಿ ಬೇಕಿರಲಿಲ್ಲ ಎಂದು ನನಗೆ ತಿಳಿದದ್ದು ಎಷ್ಟೋ ತಿಂಗಳ ನಂತರ. ಲೆಕ್ಕ ಹಾಕಿ ನೋಡಿ. ದಿನಕ್ಕೆ 400ರ ಅರ್ಧ 200, ಅದನ್ನು 90 ದಿನಕ್ಕೆ ಗುಣಿಸಿದರೆ 18,000 ರೂಪಾಯಿ. ಅದು ಭಿಕ್ಷೆಯಲ್ಲ. ಪ್ರತಿ ತಿಂಗಳು ಅವನ ಸಂಬಳದಿಂದಲೇ ವಂತಿಗೆ ಕಡಿತವಾಗುತ್ತಿತ್ತು. ಕಡಿತಕ್ಕೆ ಯಾವ ಭಾಷೆಯೂ ಅಡ್ಡ ಬರಲಿಲ್ಲ, ಕೊಡುವಾಗ ಮಾತ್ರ ಭಾಷೆ ಅಡ್ಡ ಬಂತು!

ಗೆಳೆಯರೇ, ನಿಜಾಮನ ಆಳ್ವಿಕೆಯಲ್ಲಿ ಇಲ್ಲಿಯ ಕಚೇರಿ ಭಾಷೆ ಉರ್ದು. ಓದುಬಾರದ ರೈತ ದುಡ್ಡು ಕೊಟ್ಟು ಅರ್ಜಿ ಬರೆಸುತ್ತಿದ್ದ. 1948ರ ಸೆಪ್ಟೆಂಬರ್ 17ಕ್ಕೆ ಆ ಆಳ್ವಿಕೆ ಮುಗಿಯಿತು. 1963ರಲ್ಲಿ ಕನ್ನಡ ರಾಜ್ಯದ ಆಡಳಿತ ಭಾಷೆ ಎಂಬ ಕಾಯ್ದೆ ಬಂತು. ಇಷ್ಟಾದರೂ ಇಂದು ನಮ್ಮ ಹುಡುಗ ಇಂಟರ್ನೆಟ್ ಅಂಗಡಿಯವನಿಗೆ ದುಡ್ಡು ಕೊಟ್ಟು ಅರ್ಜಿ ತುಂಬಿಸುತ್ತಾನೆ. ಬದಲಾದದ್ದು ಏನು? ಮನೆಯಲ್ಲಿ ಉರ್ದು ಮಾತಾಡುವ ನನ್ನ ಮೆಕ್ಯಾನಿಕ್ ಗೆಳೆಯನೂ ಅದೇ ಸಾಲಿನಲ್ಲಿ ನಿಂತಿದ್ದ, ಅವನಿಗೂ ಆ ಇಂಗ್ಲಿಷು ತಿಳಿಯಲಿಲ್ಲ. ನಮ್ಮ ಜಗಳ ಅವನ ಮೇಲಲ್ಲ. ದುಡಿಯುವವನಿಗೆ ತಿಳಿಯದ ಅರ್ಜಿಯ ಮೇಲೆ.

ಬರೀ ಬೋರ್ಡಿಗೆ ಮಸಿ ಬಳಿದರೆ ಈ 18,000 ವಾಪಸು ಬರುವುದಿಲ್ಲ. ಕೆಲಸ ಹೀಗೆ ಮಾಡೋಣ.

ಒಂದು, ನಿಮ್ಮ ಸಂಬಳದ ಚೀಟಿ ನೋಡಿ. ಇ.ಎಸ್.ಐ. ಕಡಿತ ಇದೆಯೇ? ಇದ್ದರೆ ವಿಮಾ ಸಂಖ್ಯೆ ಬರೆದಿಟ್ಟುಕೊಳ್ಳಿ, ಆಧಾರ್ ಮತ್ತು ಬ್ಯಾಂಕ್ ಖಾತೆ ಜೋಡಿಸಿ. ಸಾಮಾನ್ಯವಾಗಿ ಹತ್ತು ಜನಕ್ಕಿಂತ ಕಡಿಮೆ ಇರುವ ನನ್ನಂಥವರ ಪ್ರೆಸ್ಸಿಗೆ ಅದು ಇಲ್ಲ. ಹತ್ತು ದಾಟಿದ ಕಡೆ ಇಲ್ಲವೆಂದರೆ ಯಾಕೆ ಎಂದು ಕೇಳಿ.

ಎರಡು, ಕೆಲಸ ಹೋದರೆ ನನ್ನಂಥವನ ಮಾತು ನಂಬಬೇಡಿ. ಶಾಖಾ ಕಚೇರಿಗೇ ಹೋಗಿ, ಯೋಜನೆ ಇಂದಿಗೆ ಹೇಗಿದೆ, ಷರತ್ತೇನು ಎಂದು ಕೇಳಿ.

ಮೂರು, ಕನ್ನಡದಲ್ಲೇ ಬರೆದುಕೊಡಿ. ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಧಿಕಾರಿಗೂ ಕನ್ನಡದಲ್ಲಿ ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ. ಸ್ವೀಕೃತಿ ಪಡೆಯದೆ ಕಚೇರಿ ಬಿಟ್ಟು ಏಳಬೇಡಿ.

ನಾಲ್ಕು, ಅರ್ಜಿ ನಮೂನೆಯೇ ಕನ್ನಡದಲ್ಲಿ ಬರಲಿ ಎಂದು ಒತ್ತಾಯಿಸೋಣ. ಅದು ಬರುವವರೆಗೆ ನಾವೇ ಒಂದು ಕೆಲಸ ಮಾಡೋಣ. ನಿಮ್ಮಲ್ಲಿ ಇಂಗ್ಲಿಷ್ ಬಲ್ಲವರು ಆ ಅರ್ಜಿಯ ಪ್ರತಿ ಸಾಲಿನ ಅರ್ಥವನ್ನು ಸರಳ ಕನ್ನಡದಲ್ಲಿ ಬರೆದುಕೊಡಿ. ಕಾಗದ ನನ್ನದು, ಮಸಿ ನನ್ನದು. ಒಂದು ಪೈಸೆ ಬೇಡ, ಅಚ್ಚು ಹಾಕಿ ಕೊಡುತ್ತೇನೆ. ಕಪನೂರ ಕೈಗಾರಿಕಾ ಪ್ರದೇಶದ ಗೇಟುಗಳ ಮುಂದೆ ನೀವು ಹಂಚಿ.

ಆ ಹುಡುಗ ಹಬ್ಬಕ್ಕೆ ಊರಿಗೆ ಬಂದಾಗ ಈಗಲೂ "ಕಾಕಾ, ಆರಾಮ ಇದ್ದೀರಿ?" ಎಂದು ನಗುತ್ತಾನೆ. ನನಗೆ ಅವನ ಮುಖ ನೋಡಲು ಆಗುವುದಿಲ್ಲ. ಮುಂದಿನ ಹುಡುಗ ಅರ್ಜಿ ಹಿಡಿದು ಬಂದಾಗ, ಅವನ ಕೈಗೆ ಕನ್ನಡದ ಕಾಗದ ಕೊಡಬೇಕು ಎಂಬುದೇ ನನ್ನ ಆಸೆ.

ಜೈ ಕರ್ನಾಟಕ!