ಪಿಯಾನೋ ಆಡಿದ ಮಾತು



ಪಿಯಾನೋ ನುಡಿಸುವುದನ್ನು ನೀವೆಲ್ಲ ಕೇಳಿದ್ದೀರಿ. ಪಿಯಾನೋ ಮಾತಾಡುವುದನ್ನು ಕೇಳಿದ್ದೀರಾ? ತಮಾಷೆಯಲ್ಲ. 2009ರಲ್ಲಿ ಇಟಲಿಯ ವೆನಿಸ್‌ನಲ್ಲಿ ನಡೆದ ಒಂದು ಸಮಾವೇಶಕ್ಕಾಗಿ ಆಸ್ಟ್ರಿಯಾದ ಸಂಗೀತ ರಚನಕಾರ ಪೀಟರ್ ಆಬ್ಲಿಂಗರ್ ಅಂಥದೊಂದು ಕೃತಿ ಮಾಡಿದರು. ಪರಿಸರ ಕುರಿತ ಘೋಷಣೆಯೊಂದನ್ನು ಒಬ್ಬ ಹುಡುಗ ಓದಿದ. ಆ ಧ್ವನಿಮುದ್ರಣವನ್ನು ಪಿಯಾನೋದ ಸ್ವರಗಳಾಗಿ ಬದಲಿಸಲಾಯಿತು. ವಿನ್‌ಫ್ರೀಡ್ ರಿಟ್ಶ್ ಎಂಬುವರು ರೂಪಿಸಿದ ಯಂತ್ರದ ಬೆರಳುಗಳು ಕರಿ-ಬಿಳಿ ಮನೆಗಳ ಮೇಲೆ ಬಿರುಸಾಗಿ ಓಡುತ್ತವೆ, ಎದುರಿನ ಪರದೆಯ ಮೇಲೆ ಅಕ್ಷರಗಳು ಮೂಡುತ್ತವೆ. ಈ ಅಕ್ಷರಗಳ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಇದು ಹೇಗೆ ಸಾಧ್ಯ? ಕಂಪ್ಯೂಟರ್ ಮತ್ತು ವಾದ್ಯಗಳ ನಡುವೆ 'ಮಿಡಿ' ಎಂಬ ಒಂದು ಭಾಷೆಯಿದೆ. ಇದು ಬಂದದ್ದು 1983ರಲ್ಲಿ. ಮಿಡಿಯಲ್ಲಿ ದನಿ ಇರುವುದಿಲ್ಲ, ಬರೀ ಅಪ್ಪಣೆ ಇರುತ್ತದೆ: ಯಾವ ಮನೆ ಒತ್ತಬೇಕು, ಎಷ್ಟು ಜೋರಾಗಿ, ಯಾವಾಗ ಬಿಡಬೇಕು. ಸ್ವರಗಳಿಗೆ 0ಯಿಂದ 127ರವರೆಗೆ ಸಂಖ್ಯೆಗಳು. ಪಿಯಾನೋದ 88 ಮನೆಗಳಿಗೆ 21ರಿಂದ 108. ಅಡುಗೆಯನ್ನು ಡಬ್ಬಿಗೆ ಹಾಕಿ ಕಳಿಸುವ ಬದಲು, ಮಾಡುವ ವಿಧಾನವನ್ನು ಚೀಟಿಯಲ್ಲಿ ಬರೆದು ಕಳಿಸಿದ ಹಾಗೆ.

ಇನ್ನು ನಮ್ಮ ಮಾತು. ಎಂಥ ಜಟಿಲ ದನಿಯನ್ನೂ ಸರಳ ಅಲೆಗಳ ಮೊತ್ತವಾಗಿ ಬಿಡಿಸಬಹುದು. ಇದರ ಹಿಂದಿನ ಗಣಿತ ಫ್ರಾನ್ಸಿನ ಫೂರಿಯೇ 1822ರಲ್ಲಿ ಶಾಖದ ಬಗ್ಗೆ ಪ್ರಕಟಿಸಿದ ಗ್ರಂಥದಲ್ಲಿದೆ. ಗಂಡಸೊಬ್ಬ 'ಆ' ಅಂದರೆ ಸುಮಾರು 700 ಮತ್ತು 1100 ಕಂಪನಗಳ ಆಸುಪಾಸು ದನಿ ದಟ್ಟವಾಗುತ್ತದೆ. 'ಈ' ಅಂದರೆ ಸುಮಾರು 300 ಮತ್ತು 2300. ಕಂಪ್ಯೂಟರ್ ಮಾತನ್ನು ಸಣ್ಣ ಸಣ್ಣ ಚೂರು ಮಾಡಿ, ಪ್ರತಿ ಚೂರಿನಲ್ಲಿ ಯಾವ ಸ್ವರ ಎಷ್ಟಿದೆ ಎಂದು ಅಳೆದು, ಅಷ್ಟೇ ಜೋರಾಗಿ ಆ ಮನೆಗಳನ್ನು ಒತ್ತಿಸುತ್ತದೆ.

ಆದರೆ ನಷ್ಟವೂ ಬಹಳ. ಪಿಯಾನೋದ ತುತ್ತತುದಿಯ ಮನೆ ಸೆಕೆಂಡಿಗೆ 4186 ಕಂಪನಗಳಿಗೆ ನಿಲ್ಲುತ್ತದೆ. 'ಸ'ಕಾರದ ಸೀಟಿಯಂಥ ಸದ್ದು ಬಹುಮಟ್ಟಿಗೆ ಅದಕ್ಕೂ ಮೇಲೆ. ಮಾತು ಒಂದು ಸ್ವರದಿಂದ ಇನ್ನೊಂದಕ್ಕೆ ಗಮಕದಂತೆ ಜಾರುತ್ತದೆ, ಪಿಯಾನೋ ಮೆಟ್ಟಿಲು ಮೆಟ್ಟಿಲಾಗಿ ಹಾರುತ್ತದೆ.

ಹೋದ ವರ್ಷ ನನ್ನ ಮಗ ಮನೆಯ ಕಂಪ್ಯೂಟರಿನಲ್ಲಿ ಇಂಥದೇ ಪ್ರಯೋಗ ಮಾಡಿ ನನ್ನನ್ನು ಕರೆದ. "ಅಪ್ಪಾ, ಇದೇನಂತ ಹೇಳ್ರಿ ನೋಡೋಣ." ಕೇಳಿದೆ. ಹಾರ್ಮೋನಿಯಂ ಮೇಲೆ ಬೆಕ್ಕು ಓಡಿದ ಹಾಗಿತ್ತು. ಎರಡನೆಯ ಸಲವೂ ಅಷ್ಟೇ. ಆಗ ಅವನೆಂದ: "ಅಜ್ಜನ ಕ್ಯಾಸೆಟ್ ರೀ. 'ಊಟ ಆತೇನೋ ತಮ್ಮಾ' ಅಂತಾರಲ್ಲ, ಅದು."

ಮೂರನೆಯ ಸಲ ಹಾಕಿದ. ಅದೇ ಸ್ವರಗಳು, ಒಂದೂ ಬದಲಾಗಿರಲಿಲ್ಲ. ಆದರೆ ಈಗ ನನ್ನಪ್ಪ ಮಾತಾಡುತ್ತಿದ್ದರು! ನಾನು ಕೆಲಸಕ್ಕೆಂದು ಮುಂಬಯಿಗೆ ಬಂದ ಹೊಸದರಲ್ಲಿ, ಊರಿಂದ ಬರುವವರ ಕೈಯಲ್ಲಿ ಧಾರವಾಡದಿಂದ ಅವರು ಕಳಿಸಿದ್ದ ಕ್ಯಾಸೆಟ್ ಅದು. ಅವರು ತೀರಿ ವರ್ಷಗಳೇ ಆದವು. ಆಮೇಲೆ ಎಷ್ಟು ಸಲ ಕೇಳಿದರೂ ಅದು ಬರೀ ಸ್ವರಗಳಾಗಿ ಕೇಳಿಸಲೇ ಇಲ್ಲ.

ಸಂತೋಷದ ಜೊತೆ ಸ್ವಲ್ಪ ನಾಚಿಕೆಯೂ ಆಯಿತು, ಸ್ವಂತ ತಂದೆಯ ಮಾತು ಗುರುತು ಸಿಗಲಿಲ್ಲವಲ್ಲ ಎಂದು. ಆದರೆ ಕಿವಿಯ ಸ್ವಭಾವವೇ ಹಾಗೆ. 1981ರಲ್ಲಿ ಅಮೆರಿಕದ ರಾಬರ್ಟ್ ರೆಮೆಜ್ ಮತ್ತು ಸಂಗಡಿಗರು ಒಂದು ವಾಕ್ಯವನ್ನು ಬರೀ ಮೂರು ಶಿಳ್ಳೆಯಂಥ ಸ್ವರಗಳಾಗಿ ಮಾಡಿ ಕೇಳಿಸಿದರು. ಏನೂ ಹೇಳದೆ ಕೇಳಿಸಿದಾಗ ಹೆಚ್ಚಿನವರಿಗೆ ಅದು ವಿಚಿತ್ರ ಸದ್ದು. ಇದು ಮಾತು ಎಂದು ತಿಳಿಸಿದ ಮೇಲೆ ಹಲವರು ಪದಗಳನ್ನೇ ಹಿಡಿದರು. ಆಬ್ಲಿಂಗರರ ಪರದೆಯ ಅಕ್ಷರಗಳ ಕೆಲಸವೂ ಇದೇ. ಸ್ವರಗಳು ಅರ್ಧ ಕೊಡುತ್ತವೆ, ಉಳಿದರ್ಧವನ್ನು ನಮ್ಮ ನೆನಪು ತುಂಬುತ್ತದೆ. ಲೋಕಲ್ ರೈಲಿನ ಗದ್ದಲದಲ್ಲಿ ಯಾರೋ ಅರ್ಧ ಮಾತು ಕನ್ನಡದಲ್ಲಿ ಆಡಿದರೂ ನಿಮ್ಮ ಕಿವಿ ನಿಮಿರುವುದಿಲ್ಲವೇ, ಹಾಗೆ.

ನನ್ನ ಐದು ವರ್ಷದ ಮೊಮ್ಮಗಳಿಗೂ ಆ ತುಣುಕು ಕೇಳಿಸಿದೆವು. ಮಾತು ಇದು ಎಂದು ಹೇಳಿಕೊಟ್ಟ ಮೇಲೆ ಅವಳಿಗೂ ಕೇಳಿಸಿತು. ಕೂಡಲೇ ಕೇಳಿದಳು: "ಇದು ಯಾರು?" ಮುತ್ತಜ್ಜನ ಮಾತು ಅವಳಿಗೆ ಸಿಕ್ಕಿತು, ಮುತ್ತಜ್ಜ ಸಿಗಲಿಲ್ಲ.

ಆದ್ದರಿಂದ ಕೇಳುಗರೇ, ನಿಮ್ಮಲ್ಲೊಂದು ವಿನಂತಿ. ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥ ಕ್ಯಾಸೆಟ್ ಇದ್ದೀತು. ಟೇಪಿಗೆ ಬೂಷ್ಟು ಹಿಡಿಯುವ ಮುನ್ನ ಅದರ ದನಿಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಮಿಡಿಯ ಆಟ ಆಮೇಲಿರಲಿ, ಅದು ಮೂಲ ದನಿಗೆ ಬದಲಿಯಲ್ಲ. ಜೊತೆಗೊಂದು ಚೀಟಿಯಲ್ಲಿ ಬರೆದಿಡಿ: ಮಾತಾಡುವವರು ಯಾರು, ಯಾವ ವರ್ಷ, ಏನು ಹೇಳುತ್ತಿದ್ದಾರೆ. ನಂತರ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಕೇಳಿಸಿ. ಅವರು "ಇದು ಯಾರು?" ಎಂದು ಕೇಳುವಾಗ ಉತ್ತರ ಹೇಳಲು ನಾವಿನ್ನೂ ಇದ್ದೇವಲ್ಲ.